ಶಾಲೆ ಸಾಗಿಸಿದ ನಕ್ಷೆ

ಆ ಶಾಲೆಯ ಬಗ್ಗೆ ನಾನು ಪತ್ರಿಕೆಗೆ ಕಳಿಸಿದ್ದು ಎಂಟು ಸಾಲು. ಅಚ್ಚಾದದ್ದು ಐದು. ಅಷ್ಟರಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಅರವತ್ತರ ದಶಕದ ಮೊದಲ ಭಾಗ. ಶರಾವತಿಗೆ ಅಣೆಕಟ್ಟು ಏಳುತ್ತಿತ್ತು. ನಾನು ಸಾಗರದ ಪೇಟೆಯಲ್ಲಿ ಬಾಡಿಗೆ ಕೋಣೆಯೊಂದರಲ್ಲಿದ್ದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಹೊಸನಗರ ತಾಲ್ಲೂಕಿನ ಹೊಳೆದಂಡೆಯ ಊರುಗಳು ಒಂದೊಂದಾಗಿ ಜಾಗ ಖಾಲಿ ಮಾಡುತ್ತಿದ್ದವು. ಯಾವ ಊರು ಎಲ್ಲಿಗೆ ಹೋಯಿತೆಂದು ವರದಿ ಮಾಡುವುದು ಆಗ ನನ್ನ ಮುಖ್ಯ ಕೆಲಸವಾಗಿತ್ತು.

ಹಾಗೆ ಎದ್ದ ಒಂದು ಊರಿನವರಿಗೆ ರಿಪ್ಪನ್‌ಪೇಟೆಯಿಂದ ತೀರ್ಥಹಳ್ಳಿಯ ಕಡೆ ಹೋಗುವ ರಸ್ತೆಯ ಪಕ್ಕ, ಹಳೆಯ ಊರಿನಿಂದ ಹನ್ನೊಂದು ಮೈಲಿ ಆಚೆ ಜಾಗ ಸಿಕ್ಕಿತ್ತು. ಶಿವರಾತ್ರಿಯ ಹೊತ್ತಿಗೆ ಎಲ್ಲರೂ ಅಲ್ಲಿಗೆ ಹೋಗಿ ಮನೆ ಎಬ್ಬಿಸಿಕೊಂಡಿದ್ದರು. ಹಿಂದೆ ಉಳಿದದ್ದು ಶಾಲೆ ಮಾತ್ರ. ಮಣ್ಣಿನ ಗೋಡೆ, ಗಟ್ಟಿ ಮರದ ತೊಲೆ, ಮಂಗಳೂರು ಹೆಂಚು.

ಏಕೋಪಾಧ್ಯಾಯ ಶಾಲೆ ಅದು. ಹನ್ನೆರಡು ವರ್ಷದಿಂದ ಅಲ್ಲೇ ಇದ್ದ ಮೇಷ್ಟ್ರು ಒಂದು ದಿನ ನನಗೆ ಇಲಾಖೆಯ ಕಾಗದ ತೋರಿಸಿದರು. ಹಳೆಯ ಕಟ್ಟಡದ ಸಾಮಾನನ್ನು ಊರವರು ಒಯ್ಯಬಹುದು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ದಿನ ಹೊಸ ಜಾಗದಲ್ಲಿ ಮಾಡು ಹೊದಿಸಿದ ಕಟ್ಟಡವಿದ್ದರೆ ಶಾಲೆ ಉಳಿಯುತ್ತದೆ. ಇಲ್ಲವಾದರೆ ಮಕ್ಕಳನ್ನು ನಾಲ್ಕು ಮೈಲಿ ಆಚೆಯ ಶಾಲೆಗೆ ಸೇರಿಸಲಾಗುವುದು. ಆ ದಾರಿಯಲ್ಲಿ ಸೇತುವೆಯಿಲ್ಲದ ಒಂದು ಹಳ್ಳವಿತ್ತು. ಮಳೆಗಾಲ ಪೂರ್ತಿ ಅದು ತುಂಬಿ ಹರಿಯುತ್ತದೆ.

"ನನ್ನ ಕೆಲ್ಸಕ್ಕೇನೂ ಆಗಲ್ಲ. ವರ್ಗ ಮಾಡ್ತಾರೆ, ಹೋಗ್ತೀನಿ" ಎಂದರು ಮೇಷ್ಟ್ರು. "ಮಕ್ಳು ಮಾತ್ರ ಹಳ್ಳ ದಾಟಲ್ಲ. ಎಮ್ಮೆ ಹಿಂದೆ ಹೋಗ್ತಾವೆ. ಒಂದ್ಸಲ ಎಮ್ಮೆ ಹಿಂದೆ ಹೋದೋರು ತಿರುಗಿ ಸ್ಲೇಟು ಹಿಡಿಯಲ್ಲ."

ಕೈಯಲ್ಲಿದ್ದದ್ದು ಆರು ವಾರದ ರಜೆ. ಊರವರು ಹಳೆಯ ಶಾಲೆಯ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದರು. ಮೊದಲು ಅಲ್ಲಿ ಜಂಬಿಟ್ಟಿಗೆಯ ಗೋಡೆ ಏಳಲಿ, ನಾಲ್ಕು ವಾರ. ಆಮೇಲೆ ಇಲ್ಲಿ ಬಿಚ್ಚೋಣ, ಒಂದು ವಾರ. ಆಮೇಲೆ ಗಾಡಿಯಲ್ಲಿ ಸಾಗಿಸೋಣ. ಮೂರು ವಾರದ ಮೇಲೆ ಬೇಕು. ಆಮೇಲೆ ಮರ ಏರಿಸಿ ಹೆಂಚು ಹೊದಿಸೋಣ. ಹತ್ತು ವಾರ ದಾಟಿತು.

ಆ ದಿನ ಮೇಷ್ಟ್ರ ಭಾವಮೈದುನ ಅಲ್ಲಿದ್ದ. ಅಣೆಕಟ್ಟಿನ ಕೆಲಸದಲ್ಲಿ ಜೂನಿಯರ್ ಇಂಜಿನಿಯರ್. ಎರಡು ದಿನದ ರಜೆಯಲ್ಲಿ ಅಕ್ಕನ ಮನೆಗೆ ಬಂದವನು. ಅಣೆಕಟ್ಟಿನಂಥ ದೊಡ್ಡ ಕೆಲಸಗಳನ್ನು ದಿನಕ್ಕೆ ಹೊಂದಿಸಲು ಹೊಸದಾಗಿ ಬಂದಿದ್ದ ನೆಟ್‌ವರ್ಕ್ ಡಯಾಗ್ರಾಮ್ ಎಂಬ ವಿಧಾನವನ್ನು ಆತ ಕಲಿತಿದ್ದ. ಹಳೆಯದೊಂದು ಡ್ರಾಯಿಂಗ್ ಹಾಳೆಯನ್ನು ಬೆನ್ನುಮೇಲಾಗಿ ನೆಲಕ್ಕೆ ಹಾಸಿ ಪೆನ್ಸಿಲ್ ತೆಗೆದ. ಪ್ರತಿಯೊಬ್ಬರಿಗೂ ಅವನು ಕೇಳಿದ್ದು ಎರಡೇ ಪ್ರಶ್ನೆ. ನಿಮ್ಮ ಕೆಲಸಕ್ಕೆ ಎಷ್ಟು ದಿನ ಬೇಕು? ಅದು ಶುರುವಾಗಬೇಕಾದರೆ ಯಾವುದು ಮುಗಿದಿರಬೇಕು?

ಒಂದೊಂದು ಕೆಲಸಕ್ಕೆ ಒಂದು ಬಾಣ, ಬಾಣದ ಎರಡು ತುದಿಗೆ ಎರಡು ವೃತ್ತ. ಗಾಡಿಯವರಲ್ಲಿ ಹಿರಿಯನಾದ ಮುದುಕ ಬಗ್ಗಿ ನೋಡಿದ.

"ಇದೆಂತ ಇಂಜಿನಿಯರ್ರೆ, ಚೌಕಾಬಾರದ ಮನೆ ಬರ್ದಂಗೆ ಬರ್ದೀರಿ. ಕವಡೆ ಯಾರತ್ರ ಅದೆ?"

"ಕವಡೆ ಇಲ್ಲ ಅಜ್ಜ. ಇದು ಅದೃಷ್ಟದ ಆಟ ಅಲ್ಲ."

"ಹಂಗಾರೆ ನಾವು ಗೆಲ್ಲಾದು ಹ್ಯಾಂಗೆ ಮಾರಾಯ್ರೆ?"

ಹಾಳೆ ತುಂಬಿದ ಮೇಲೆ ಎರಡು ಸಂಗತಿ ಎಲ್ಲರಿಗೂ ಕಂಡವು. ಗೋಡೆ ಏಳುವುದಕ್ಕೂ ಹಳೆಯ ಶಾಲೆ ಬಿಚ್ಚುವುದಕ್ಕೂ ಒಂದಕ್ಕೊಂದು ಸಂಬಂಧವಿರಲಿಲ್ಲ. ಎರಡೂ ಒಂದೇ ದಿನ ಶುರುವಾಗಬಹುದಿತ್ತು. ಎರಡನೆಯದು, ಬಿಚ್ಚುವಾಗ ಮೊದಲು ಇಳಿಯುವುದು ಹೆಂಚು, ಕಟ್ಟುವಾಗ ಕೊನೆಗೆ ಏರುವುದೂ ಹೆಂಚೇ. ಆದ್ದರಿಂದ ಹೆಂಚನ್ನು ಅಂಗಳದಲ್ಲಿ ಪೇರಿಸಿಟ್ಟು ಗಾಡಿಗೆ ಮೊದಲು ತೊಲೆ ಹೇರಬೇಕು. ನಕ್ಷೆಯಿಲ್ಲದಿದ್ದರೆ ಎಲ್ಲರೂ ಇಳಿದ ಹೆಂಚನ್ನೇ ಮೊದಲು ಹೇರಿಕೊಂಡು ಹೋಗುತ್ತಿದ್ದರು.

ಆರಂಭದಿಂದ ಕೊನೆಯವರೆಗಿನ ಅತ್ಯಂತ ಉದ್ದದ ದಾರಿಯನ್ನು ಇಂಜಿನಿಯರ್ ಕೆಂಪು ಪೆನ್ಸಿಲಿನಲ್ಲಿ ತಿದ್ದಿದ. ಅದು ಗೋಡೆ, ಮರ, ಹೆಂಚು ಹೊದಿಕೆಯ ದಾರಿ. ಒಟ್ಟು ಆರು ವಾರ. "ಈ ಕೆಂಪು ದಾರೀಲಿ ಒಂದು ದಿನ ತಪ್ಪಿದ್ರೆ ಶಾಲೆ ಒಂದು ದಿನ ತಡ. ಗಾಡಿ ದಾರೀಲಿ ನಾಲ್ಕೈದು ದಿನ ಬಿಡುವು ಅದೆ, ಹೆದರ್ಬೇಡಿ" ಎಂದ. ಗಾಡಿಗಳು ಐದು. ಹೊಸ ಊರಿಂದ ಬರಿಗಾಡಿ ಹೋಗಲು ಒಂದು ದಿನ, ಹೇರಿಕೊಂಡು ಮರಳಲು ಒಂದು ದಿನ. ಭಾನುವಾರ ರಜೆ. ವಾರಕ್ಕೆ ಮೂರು ಸರದಿ. ಒಟ್ಟು ಹತ್ತು ಸರದಿ ಬೇಕಿತ್ತು.

ಹೊರಡುವ ಮುಂಚೆ ಹಾಳೆಯನ್ನು ಸುತ್ತಿ ನನ್ನ ಕೈಗೆ ಕೊಟ್ಟ. "ನೀವು ಆದದ್ದನ್ನ ಆದ ಹಾಗೆ ಬರೆಯೋರು. ಇದಕ್ಕೆ ಬೇಕಾದ್ದೂ ಅಷ್ಟೆ. ಆಗ್ತದೆ ಅಂತ ಯಾರು ಹೇಳಿದ್ರೂ ಗುರುತು ಹಾಕ್ಬೇಡಿ. ಆದ್ಮೇಲೆ ಹಾಕಿ."

ಅಂದಿನಿಂದ ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಸಾಗರ ಬಿಟ್ಟು ಹೊಸ ಊರಿಗೆ ಹೋಗುತ್ತಿದ್ದೆ. ಮುಗಿದ ಬಾಣದ ಮೇಲೆ ಗೀಟು ಹಾಕಿ ಸಂಜೆಯ ಬಸ್ಸಿಗೆ ಮರಳುತ್ತಿದ್ದೆ. ಮೊದಲ ವಾರದಲ್ಲಿ ಬಿಚ್ಚುವುದು ಮುಗಿಯಿತು. ತೀರ್ಥಹಳ್ಳಿ ಕಡೆಯಿಂದ ಬಂದ ಗೋಡೆ ಕಟ್ಟುವವರು ದಿನಕ್ಕೆ ಸರಿಯಾಗಿದ್ದರು. ಎರಡನೆಯ ವಾರ ಗಾಡಿಗಳು ಎರಡೇ ಸರದಿ ಮಾಡಿದ್ದವು. ಬಿಡುವಿದೆಯೆಂದು ಸುಮ್ಮನಾದೆ. ಮೂರನೆಯ ವಾರವೂ ಎರಡೇ. ಆರಾಗಬೇಕಿದ್ದ ಕಡೆ ನಾಲ್ಕಾಗಿತ್ತು. ಕೂತು ಲೆಕ್ಕ ಹಾಕಿದೆ. ಇದೇ ಗತಿಯಲ್ಲಿ ಕೊನೆಯ ಹೆಂಚು ಬರುವಾಗ ರಜೆ ಮುಗಿದಿರುತ್ತದೆ. ಹೊದಿಸಲು ಒಂದು ದಿನವೂ ಉಳಿಯುವುದಿಲ್ಲ.

ಆ ಭಾನುವಾರ ಮರಳಲಿಲ್ಲ. ಮೇಷ್ಟ್ರ ಮನೆಯಲ್ಲೇ ಉಳಿದೆ. ಸೋಮವಾರ ಬೆಳಿಗ್ಗೆ ಹೊರಗೆ ಬಂದು ನೋಡಿದರೆ ಐದೂ ಗಾಡಿಯ ಮೂಕಿ ಎತ್ತಿಲ್ಲದೆ ನೆಲದ ಮೇಲಿದ್ದವು. ಗಾಡಿಯ ಅಜ್ಜ ಹಳ್ಳದಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದ.

"ಇವತ್ತು ಹೊರಡಲ್ವಾ ಅಜ್ಜ?"

"ಎಂತ ಮಾತು ಆಡ್ತೀರಿ ಪೇಪರ್‌ನೋರೆ! ಸೋಮಾರ ಎತ್ತಿನ ಹೆಗಲಿಗೆ ನೊಗ ಇಡಾದುಂಟಾ? ನಮ್ಮಪ್ಪನ ಕಾಲ್ದಿಂದ ಇಟ್ಟೋರಲ್ಲ."

ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಸೋಮವಾರ ಬಸವನ ದಿನ, ಎತ್ತು ಕಟ್ಟುವುದಿಲ್ಲವೆಂದು ಆ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಹಾಳೆ ನೋಡುವಾಗ ನನಗೂ ಹೊಳೆದಿರಲಿಲ್ಲ.

"ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ?"

"ಅಷ್ಟು ಓದಿದೋರು ಬರ್ದಾರೆ, ಅದ್ರಲ್ಲಿ ಸೋಮಾರ ಇಲ್ದೆ ಇರ್ತದಾ ಅಂದ್ಕಂಡೆ. ಅವ್ರು ಎಷ್ಟು ದಿನ ಅಂತ ಕೇಳಿದ್ರು, ಯಾವ ದಿನ ಅಂತ ಕೇಳ್ಲಿಲ್ಲ."

"ಹಾಗಾದ್ರೆ ಭಾನುವಾರ ಹೊಡೀಬಹುದಲ್ಲ?"

"ನಾವು ತಯಾರೇ ಸ್ವಾಮಿ. ಮೇಷ್ಟ್ರು ಬೀಗ ತೆಗೀಬೇಕಲ್ಲ!"

ಮೇಷ್ಟ್ರ ಹತ್ತಿರ ಹೋಗಿ ಕೇಳಿದೆ. ಅವರು ಗಂಭೀರವಾಗಿಯೇ ಉತ್ತರಿಸಿದರು. "ಭಾನುವಾರ ಶಾಲೆ ತೆಗೆಯೋ ಕ್ರಮ ಇಲ್ಲ. ಹನ್ನೆರಡು ವರ್ಷದಲ್ಲಿ ಒಂದ್ಸಲವೂ ತೆಗೆದಿಲ್ಲ." ಪ್ರತಿ ಶನಿವಾರ ಸಂಜೆ ಅವರು ಹಳೆಯ ಶಾಲೆಯ ಅಂಗಳದ ಗೇಟಿಗೆ ಬೀಗ ಹಾಕಿ ಕೀಲಿಕೈ ಹಿಡಿದು ಬರುತ್ತಿದ್ದರು. ಮೇಲೆ ಮಾಡು ಇಲ್ಲ, ಬಾಗಿಲಿಲ್ಲ, ಮಕ್ಕಳಿಲ್ಲ. ಇದ್ದದ್ದು ಪೇರಿಸಿಟ್ಟ ಹೆಂಚು ಮತ್ತು ನಾಲ್ಕು ಮಣ್ಣಿನ ಗೋಡೆ.

ಅಷ್ಟರಲ್ಲಿ ನನ್ನ ಹಿಂದೆಯೇ ಬಂದಿದ್ದ ಅಜ್ಜ ಹೇಳಿದ, "ಮೇಷ್ಟ್ರೆ, ಹೆಂಚು ಓಡಿ ಹೋಗ್ತಾವೆ ಅಂತ ಬೀಗ ಹಾಕಿದ್ರಾ? ಓಡಿದ್ರೆ ಒಳ್ಳೇದಾಗ್ತಿತ್ತು, ಇಲ್ಲಿಗೇ ಬರ್ತಿದ್ವು."

ಮೇಷ್ಟ್ರು ಮೊದಲು ಕೆಂಪಗಾದರು. ಆಮೇಲೆ ಜೋರಾಗಿ ನಕ್ಕರು. ಒಳಗಿನಿಂದ ಅವರ ಹೆಂಡತಿಯ ನಗುವೂ ಕೇಳಿಸಿತು. ಕೀಲಿಕೈ ಆ ಗಳಿಗೆಯಲ್ಲೇ ಅಜ್ಜನ ಸೊಂಟಕ್ಕೆ ಹೋಯಿತು.

ಜಗಲಿಯಲ್ಲಿ ಹಾಳೆ ಬಿಚ್ಚಿ ರಬ್ಬರ್ ಹಿಡಿದೆ. ಮಂಗಳವಾರ ಹೋಗಿ ಬುಧವಾರ ಬರುವುದು, ಗುರುವಾರ ಹೋಗಿ ಶುಕ್ರವಾರ, ಶನಿವಾರ ಹೋಗಿ ಭಾನುವಾರ. ಸೋಮವಾರ ಎತ್ತಿಗೆ ಸಲ್ಲಬೇಕಾದದ್ದು ಸಂದಿತು, ವಾರಕ್ಕೆ ಮೂರು ಸರದಿಯೂ ಸಿಕ್ಕಿತು. ಉಳಿದ ಆರು ಸರದಿಗೆ ಸರಿಯಾಗಿ ಎರಡು ವಾರ. ಬಿಡುವೆಲ್ಲ ಕರಗಿದ್ದರಿಂದ ಗಾಡಿಯ ದಾರಿಯನ್ನೂ ಕೆಂಪು ಮಾಡಬೇಕಾಯಿತು. ಅಜ್ಜ ಆ ಬಣ್ಣವನ್ನು ಮೆಚ್ಚುಗೆಯಿಂದ ನೋಡಿದ. "ಈಗ ಸರಿ ಆತು. ಇಷ್ಟು ದಿನ ಗೋಡೆಯೋರದ್ದೇ ಜಂಬ."

ನಾಲ್ಕನೆಯ ವಾರ ಮೂರು ಸರದಿ. ಗೋಡೆ ಮುಗಿಯಿತು. ತೊಲೆಗಳೆಲ್ಲ ಆಗಲೇ ಬಂದು ಬಿದ್ದಿದ್ದರಿಂದ ಬಡಗಿಗಳು ಒಂದು ದಿನವೂ ಕಾಯಲಿಲ್ಲ. ಐದನೆಯ ವಾರದ ಭಾನುವಾರ ಮಧ್ಯಾಹ್ನ ಗುಡುಗು ಸಹಿತ ಮಳೆ ಹೊಡೆಯಿತು. ಹೆಂಚು ಹೇರಿದ ಕೊನೆಯ ಸರದಿ ಆಗ ದಾರಿಯಲ್ಲಿತ್ತು. ಕೆಸರಿನಲ್ಲಿ ಹೂತ ಚಕ್ರಕ್ಕೆ ಹೆಗಲು ಕೊಡಲು ಹೊಸ ಊರಿನ ಗಂಡಸರು ಎರಡು ಮೈಲಿ ಎದುರಿಗೆ ಹೋದರು. ಗಾಡಿಗಳು ಬೆಳಕಿರುವಾಗಲೇ ಬಂದವು. ಒಡೆದ ಹೆಂಚು ಒಂಬತ್ತು. ಎಣಿಸಿ ಬರೆದುಕೊಂಡೆ.

ಆರನೆಯ ವಾರ ಪತ್ರಿಕೆಗೆ ರಜೆ ಹೇಳಿ ಅಲ್ಲೇ ಇದ್ದೆ. ಅಂಗಳದಿಂದ ಮಾಡಿನವರೆಗೆ ಹೆಂಗಸರು, ಗಂಡಸರು ಸಾಲಾಗಿ ನಿಂತು ಹೆಂಚನ್ನು ಕೈಯಿಂದ ಕೈಗೆ ದಾಟಿಸಿದರು. ಮೇಷ್ಟ್ರ ಹೆಂಡತಿ ಏಣಿಯ ಬುಡದಲ್ಲಿದ್ದರು. ಕೊನೆಯ ಮೂಲೆಹೆಂಚು ಕೂತಾಗ ಕೈಯಲ್ಲಿ ಇನ್ನೂ ಒಂದು ದಿನ ಉಳಿದಿತ್ತು.

ಶಾಲೆ ತೆರೆಯುವ ದಿನ ಇಲಾಖೆಯ ಇನ್ಸ್‌ಪೆಕ್ಟರು ಬಸ್ಸಿಳಿದು ಬಂದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಒಳಗೆ ನಿಂತು ಮಾಡಿನ ಕಡೆ ಬಹಳ ಹೊತ್ತು ನೋಡಿದರು. ಎಲ್ಲೂ ಬೆಳಕು ತೂರುತ್ತಿರಲಿಲ್ಲ.

"ಕಂಟ್ರಾಕ್ಟರು ಯಾರು?"

"ಊರೇ ಸ್ವಾಮಿ" ಎಂದರು ಮೇಷ್ಟ್ರು.

ಗೋಡೆಗೆ ಹೊಡೆದಿದ್ದ ಹಾಳೆಯ ಮುಂದೆ ಇನ್ಸ್‌ಪೆಕ್ಟರು ನಿಂತರು. ಎಲ್ಲ ಬಾಣಗಳ ಮೇಲೂ ಗೀಟು ಬಿದ್ದಿತ್ತು. ಬೆರಳಿಟ್ಟು ಕೆಂಪು ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿದರು. ಇದು ಎಲ್ಲಿಂದ ಬಂತು, ಯಾರು ಬರೆದದ್ದು ಎಂದು ಒಂದಾದ ಮೇಲೊಂದು ಕೇಳಿದರು. ಆಮೇಲೆ ಕುರ್ಚಿಯಲ್ಲಿ ಕೂತು ತಪಾಸಣೆ ಪುಸ್ತಕದಲ್ಲಿ ಬರೆಯತೊಡಗಿದರು. ಅವರ ಹೆಗಲ ಮೇಲಿಂದ ನಾನು ಓದಿದ ಮೊದಲ ವಾಕ್ಯ ಇಷ್ಟು: "ಶಾಲೆಯು ಇದೇ ಸ್ಥಳದಲ್ಲಿ ಮುಂದುವರಿಯತಕ್ಕದ್ದು."

ಕಿಟಕಿಯ ಹೊರಗೆ ಊರಿನ ಅರ್ಧ ಜನ ನಿಂತಿದ್ದರು. ನಾನು ತಲೆಯಾಡಿಸಿದೆ. ಅಜ್ಜ ರುಮಾಲು ಬಿಚ್ಚಿ ಗಾಳಿಗೆ ಬೀಸಿದ. ಹೆಂಗಸರ ಗುಂಪಿನಿಂದ ಎದ್ದ ಕೂಗಿಗೆ ಇನ್ಸ್‌ಪೆಕ್ಟರು ಬೆಚ್ಚಿ ತಲೆಯೆತ್ತಿದರು. ಆಮೇಲೆ ನಗುತ್ತ, ಅಣೆಕಟ್ಟಿನ ಆ ಇಂಜಿನಿಯರ್ ಬಗ್ಗೆ ಇನ್ನೇನೋ ಕೇಳಲು ಬಾಯಿ ತೆರೆದರು.

ಮೇಷ್ಟ್ರು ಗಡಿಯಾರ ನೋಡಿಕೊಂಡರು.

"ತಾವು ಬರೀತಾ ಇರಿ ಸ್ವಾಮಿ. ಹತ್ತೂವರೆ ಆಯ್ತು, ಪಾಠದ ಹೊತ್ತು" ಎಂದು ಇನ್ಸ್‌ಪೆಕ್ಟರ ಕಡೆ ಬೆನ್ನು ತಿರುಗಿಸಿ, ಎರಡನೆಯ ತರಗತಿಯವರಿಗೆ ಏಳರ ಮಗ್ಗಿ ಹೇಳಿಸಲು ಶುರುಮಾಡಿದರು.