ಲಗಾಮು ಹಿಡಿದ ಕೈ

ಕೆನಡಾದ ಒಶಾವಾ ಊರಿನ ಪಾರ್ವತೆವ್ವನಿಗೆ ಎಂಬತ್ತು ದಾಟಿದೆ. ಬೆಳಗಾವಿಯಿಂದ ಮಗನ ಮನೆಗೆ ಬರುವಾಗ ಆಕೆ ಎದೆಗವಚಿಕೊಂಡು ತಂದದ್ದು ಒಂದು ಫೋಟೊ. ಕುದುರೆಯ ಮೇಲೆ ಬ್ರಿಟಿಷ್ ಬ್ರಿಗೇಡಿಯರ್ ಕುಳಿತಿದ್ದಾನೆ. ಅಂಚಿನಲ್ಲಿ ಲಗಾಮು ಹಿಡಿದ ಒಂದು ಕಪ್ಪು ಕೈಯಷ್ಟೇ ಕಾಣುತ್ತದೆ. ಆ ಕೈ ಆಕೆಯ ಅಪ್ಪನದು. ಸಾಹೇಬನ ಕುದುರೆ ನೋಡಿಕೊಳ್ಳುತ್ತಿದ್ದ ಅಪ್ಪ ಬರ್ಮಾ ಯುದ್ಧಕ್ಕೆ ಹೋದವನು ಮರಳಲಿಲ್ಲ. ಅವನ ಬೇರೆ ಚಿತ್ರವೇ ಇಲ್ಲ.

ಪ್ರತಿವರ್ಷ ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಆಕೆ ಹೋಳಿಗೆಯನ್ನು ಆ ಕೈಯ ಬದಿಗೇ ಇಡುತ್ತಿದ್ದಳು.

"ಏನಬೇ, ಸಾಹೇಬಗೂ ಹೋಳಿಗಿ ಊಟ?" ಎಂದು ಮಗ ಪ್ರವೀಣಕುಮಾರ ಕಾಡುತ್ತಿದ್ದ.

"ಅವಂಗ್ಯಾಕೋ? ಅವ ನಮ್ಮದು ಭಾಳ ಉಂಡಾನ. ಇದು ನಮ್ಮಪ್ಪಗ."

2018ರ ನವೆಂಬರಿನಲ್ಲಿ, ಯುದ್ಧದಲ್ಲಿ ಮಡಿದವರ ನೆನಪಿಗೆಂದು ಇಲ್ಲಿ ಒಂದು ಪ್ರದರ್ಶನ ನಡೆಯಿತು. ಮಗ ಹೆಮ್ಮೆಯಿಂದ ಫೋಟೊ ಕೊಟ್ಟ. ಸಂಘಟಕರು ಅದಕ್ಕೆ ಹೊಸ ಚೌಕಟ್ಟು ಹಾಕಿಸಿ, ಕೆಳಗೆ ಸಾಹೇಬನ ಬಡ್ತಿಗಳನ್ನೆಲ್ಲ ಬರೆಸಿದ್ದರು: ಕ್ಯಾಪ್ಟನ್, ಮೇಜರ್, ಕರ್ನಲ್, ಬ್ರಿಗೇಡಿಯರ್.

ಪಾರ್ವತೆವ್ವ ಗಾಜಿನ ಮೇಲೆ ಬೆರಳಾಡಿಸಿ ಹುಡುಕಿದಳು. "ಅಪ್ಪ ಎಲ್ಲಿ ಹೋದನೋ?"

"ಎಡ್ಜು ಹರದಿತ್ತಂತಬೇ... ನೀಟ್ ಕಾಣ್ಲೆಂತ ಕಟ್ ಮಾಡಿ ಒಗದಾರ."

ಆ ಸಂಘಟಕರು ಬಿಳಿಯರಲ್ಲ ಸ್ವಾಮಿ, ನಮ್ಮವರೇ, ಓದಿದವರೇ. ಸಾಮ್ರಾಜ್ಯ ಆ ಮನುಷ್ಯನ ಜೀವ ತೆಗೆದುಕೊಂಡಿತ್ತು. ಉಳಿದಿದ್ದ ಕೈಯನ್ನು ನಾವು ಕಸದ ಬುಟ್ಟಿಗೆ ಹಾಕಿದೆವು, ಅದೂ ಸ್ಮರಣೆಯ ಹೆಸರಿನಲ್ಲಿ.

ಮರುವರ್ಷದ ಅಮಾವಾಸ್ಯೆಗೆ ಪಾರ್ವತೆವ್ವ ಹೋಳಿಗೆಯನ್ನು ಮೊದಲು ಕೈ ಇದ್ದ ಬದಿಗೇ, ಚೌಕಟ್ಟಿನಿಂದ ಗೇಣುದೂರ, ಬರಿಯ ನೆಲದ ಮೇಲೆ ಬಾಳೆಲೆ ಹಾಸಿ ಇಟ್ಟಳು. ಮಗ ಈ ಸಲ ಆ ಎಲೆಯ ಮುಂದೆ ಬಗ್ಗಿ ಕೈಮುಗಿದ.