ತಂತಿ ಯಾವ ಕಡೆಗೆ

ಹಾಲಕ್ಕನ ಹಸುಗಳು ಒಂಬತ್ತು ವರ್ಷ ಯಾರದೊಂದು ಎಲೆಗೂ ಬಾಯಿ ಹಾಕಿರಲಿಲ್ಲ. ಮನೆಮನೆಗೆ ಹಾಲು ಹಾಕಿ ಆ ಹೆಸರು ಅಂಟಿಸಿಕೊಂಡವಳು ಅವಳು. ತೋಟದ ಧಣಿಯ ಹುಲ್ಲುಗಾವಲನ್ನು ಗುತ್ತಿಗೆಗೆ ಹಿಡಿದು ಹನ್ನೊಂದು ಹಸು ಮೇಯಿಸುತ್ತಿದ್ದಳು. ಗಾವಲಿಗೂ ಧಣಿಯ ಹಣ್ಣಿನ ತೋಟಕ್ಕೂ ನಡುವೆ ಒಂದು ತಂತಿಬೇಲಿ. ಬೇಲಿ ಹಾಕಿಸುವುದು ಧಣಿಯ ಕೆಲಸ, ಹಸು ಬೇಲಿ ಮುರಿದರೆ ಗುತ್ತಿಗೆ ರದ್ದು ಎಂದು ಕಾಗದದಲ್ಲಿ ಬರೆದಿತ್ತು.

ಆ ವರ್ಷ ಧಣಿ ಹಳೆಯ ಬೇಲಿ ಕಿತ್ತು ಹೊಸದು ಹಾಕಿಸಿದರು. ತಿಂಗಳೊಳಗೆ ಹಸುಗಳು ಮೂರು ಸಲ ತೋಟಕ್ಕೆ ನುಗ್ಗಿ ಕಸಿ ಗಿಡಗಳನ್ನು ಬೋಳಿಸಿದವು. ಧಣಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮೂರನೆಯ ಸಲ ಕೊಟ್ಟಿಗೆಯ ಬಾಗಿಲಿಗೇ ಬಂದು ನಿಂತರು.

"ಹೊಸ ಬೇಲಿ ಕಣಮ್ಮ. ಒಂದೊಂದು ಕಂಬಾನೂ ನಾನೇ ನಿಂತು ನೆಡಿಸಿದ್ದು. ನಿನ್ನ ದನಗಳಿಗೆ ಕೊಬ್ಬು ಜಾಸ್ತಿಯಾಗಿದೆ. ಸೋಮವಾರ ಪಂಚಾಯ್ತಿ ಕಚೇರಿಗೆ ಬಾ, ಗುತ್ತಿಗೆ ರದ್ದು ಮಾಡಿಸ್ತೀನಿ."

ಹಾಲಕ್ಕನಿಗೆ ಸುತ್ತಮುತ್ತ ಬೇರೆ ಗಾವಲಿಲ್ಲ. ಇದು ಹೋದರೆ ಹಸುಗಳನ್ನು ಮಾರಬೇಕು, ಅದೂ ಕರುವಾಗಿದ್ದಾಗಿನಿಂದ ಕೈಯಲ್ಲೇ ಬೆಳೆಸಿದ ಹನ್ನೊಂದನ್ನೂ.

"ಹೋಗಿ ಕಾಲು ಹಿಡ್ಕೊಳ್ಳೋಣ ಕಣೇ," ಎಂದ ಗಂಡ. ಅವನು ಜಗಳವೆಂದರೆ ಮೈಲಿ ದೂರ ಓಡುವ ಆಸಾಮಿ.

"ತಪ್ಪು ಯಾರದು ಅಂತ ಗೊತ್ತಾಗೋ ಮೊದ್ಲೇ ಕಾಲು ಹಿಡಿಯೋದಾ? ಸುತ್ತಿಗೆ ತಗೊಂಡು ಬನ್ನಿ."

ಭಾನುವಾರ ಬೆಳಿಗ್ಗೆ ಇಬ್ಬರೂ ಕಿತ್ತುಬಂದ ಕಡೆ ತಂತಿಯನ್ನು ಮೊದಲಿದ್ದ ಹಾಗೆಯೇ ಕಂಬಕ್ಕೆ ಹೊಡೆದರು. ಹಿಂದಿನ ಎರಡು ಸಲವೂ ಅವಳು ಮಾಡಿದ್ದು ಅದನ್ನೇ. ಕೆಲಸ ಮುಗಿದ ಮೇಲೆ ತೋಟದ ಕಡೆ ನಿಂತಿದ್ದ ಗಂಡ ಸುಸ್ತಾಗಿ ತಂತಿಗೆ ಒರಗಿದ. ಬೇಲಿ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಗಾವಲಿನ ಕಡೆಯಿಂದ ಹಾಲಕ್ಕ ಒರಗಿದಳು. ಈಗತಾನೇ ಹೊಡೆದ ಮೊಳೆ ಬೆಣ್ಣೆಯಿಂದ ಕೂದಲು ಎಳೆದಷ್ಟು ಸಲೀಸಾಗಿ ಕಿತ್ತುಬಂತು. ಅವಳು ಬೇಲಿಯುದ್ದಕ್ಕೂ ನಡೆದು ನೋಡಿದಳು. ಪ್ರತಿ ಕಂಬದಲ್ಲೂ ತಂತಿ ಇದ್ದದ್ದು ತೋಟದ ಕಡೆಗೆ. ತಂತಿ ದನದ ಕಡೆಗಿದ್ದರೆ ದನ ತಳ್ಳಿದಷ್ಟೂ ಅದು ಕಂಬಕ್ಕೇ ಒತ್ತಿಕೊಳ್ಳುತ್ತದೆ. ಆಚೆಗಿದ್ದರೆ ದನದ ಭಾರವೆಲ್ಲ ಮೊಳೆಯನ್ನು ಕೀಳುತ್ತದೆ.

"ನನ್ನ ಬುದ್ಧಿಗಿಷ್ಟು. ಮೂರು ಸಲ ಈ ಕೈಯಲ್ಲೇ ಹೊಡ್ದೆನಲ್ರೀ," ಎಂದು ಹಣೆ ಚಚ್ಚಿಕೊಂಡಳು.

ಸೋಮವಾರ ಕಚೇರಿಯ ಕಿರುಗುಡುವ ಬೆಂಚಿನ ಒಂದು ತುದಿಗೆ ಧಣಿ, ಇನ್ನೊಂದು ತುದಿಗೆ ಹಾಲಕ್ಕ. ಮೇಜಿನ ಆಚೆ ಹೊಸದಾಗಿ ಬಂದ ಅಧಿಕಾರಿ, ಚಿಕ್ಕ ವಯಸ್ಸಿನ ಹೆಂಗಸು.

"ಹಸು ನುಗ್ಗಿದ್ದು ನಿಜಾನಾ?"

"ನಿಜ ಮೇಡಂ. ಮೂರು ಸಲ," ಎಂದು ಹಾಲಕ್ಕ ಒಪ್ಪಿಕೊಂಡಿದ್ದೇ ಧಣಿಯ ಮುಖ ಅರಳಿತು. "ಆದ್ರೆ ಬೇಲಿ ನೋಡ್ದೆ ಸಹಿ ಹಾಕ್ಬೇಡಿ. ಕಾಲು ಗಂಟೆ ದಾರಿ ಅಷ್ಟೆ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ ಎದ್ದರು.

ಗಾವಲಿನಲ್ಲಿ ಹಾಲಕ್ಕ ಯಾರೂ ಮುಟ್ಟದ ಒಂದು ಕಂಬದ ಹತ್ತಿರ ಧಣಿಯನ್ನು ನಿಲ್ಲಿಸಿದಳು. "ಯಜಮಾನ್ರೇ, ನಿಮ್ಮ ಬೇಲಿ ಎಷ್ಟು ಗಟ್ಟಿ ಅಂತ ಈ ಕಡೆಯಿಂದ ಒರಗಿ ತೋರಿಸಿ."

ಧಣಿ ಹಿಂದೆಮುಂದೆ ನೋಡುವ ಜಾಯಮಾನದವರಲ್ಲ. ಎದೆಯುಬ್ಬಿಸಿ ಇಡೀ ಮೈಭಾರ ಹಾಕಿದರು. ಟಪ್, ಟಪ್ ಎಂದು ಮೊಳೆಗಳು ಹಾರಿದವು. ಧಣಿ ತಂತಿಯ ಸಮೇತ ತಮ್ಮ ತೋಟಕ್ಕೇ ನುಗ್ಗಿ, ಆಸರೆಗೆಂದು ಹಿಡಿದ ಕಸಿ ಗಿಡವನ್ನು ಬೇರು ಸಹಿತ ಕಿತ್ತು ಕೂತರು.

ಅಧಿಕಾರಿ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡು, "ತಂತಿ ಆ ಕಡೆ ಯಾಕೆ ಹೊಡ್ಸಿದ್ರಿ?" ಎಂದು ಕೇಳಿದರು.

"ತೋಟದ ಮನೆ ಜಗಲಿ ಮೇಲೆ ಕೂತ್ರೆ ಬರೀ ಕಂಬಾನೇ ಕಣ್ಣಿಗೆ ಹೊಡೀತಿತ್ತು," ಎಂದರು ಧಣಿ ಮಣ್ಣು ಕೊಡವುತ್ತಾ. "ತಂತಿ ಮುಂದಿದ್ರೆ ನೋಡೋಕೆ ಚೆಂದ ಅಂತ."

ಗುತ್ತಿಗೆ ಉಳಿಯಿತು. ಧಣಿಯ ಖರ್ಚಿನಲ್ಲೇ ತಂತಿ ಬದಲಾಗಬೇಕೆಂದು ಆಯಿತು. "ತಂತಿ ದನದ ಕಡೆಗೆ" ಎಂಬ ಒಂದು ಸಾಲನ್ನು ಹಾಲಕ್ಕ ಗುತ್ತಿಗೆ ಕಾಗದದಲ್ಲಿ ಬರೆಸಿದಳು. ಆ ಸಾಲನ್ನು ಎರಡು ಸಲ ಓದಿಸಿ ಕೇಳಿದಳು, ಖುಷಿಗೆ.

ಎರಡು ದಿನದಲ್ಲಿ ಬೇಲಿ ಸರಿಯಾಯಿತು. ಮೂರನೆಯ ದಿನ ಹಸು ಬಿಡುವಾಗ ಧಣಿ ತೋಟದೊಳಗೆ ಉಸಿರು ಬಿಗಿಹಿಡಿದು ನಿಂತಿದ್ದರು. ಹಿಂಡಿನಲ್ಲೇ ಮಹಾ ತುಂಟಿ ಕೆಂದಿ ನೇರ ಬೇಲಿಗೆ ಬಂದು, ಕತ್ತು ಕೊಟ್ಟು, ಕಾಲೂರಿ ತಳ್ಳಿತು. ಕಂಬ ನರಳಿತು, ತಂತಿ ಕದಲಲಿಲ್ಲ. ಕೆಂದಿ ಇನ್ನೊಮ್ಮೆ ತಳ್ಳಿ, ಸೋತು, ಕಾಲಬುಡದ ಹುಲ್ಲಿಗೆ ಬಾಯಿ ಹಾಕಿತು. ಹಾಲಕ್ಕನ ಕಣ್ಣು ತುಂಬಿಬಂತು. ಹನ್ನೊಂದೂ ಅವಳವೇ, ಇಲ್ಲೇ.

ಧಣಿ ಬೇಲಿಯ ಹತ್ತಿರ ಬಂದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳನ್ನು ಬಹುವಚನದಲ್ಲಿ ಮಾತಾಡಿಸಿದರು.

"ಹಾಲಕ್ಕ, ನೀವೊಂದ್ಸಲ ಆ ಕೆಳಗಿನ ಜಮೀನಿಗೂ ಬರ್ತೀರಾ? ಅಲ್ಲೂ ಸುತ್ತಲೂ ತಂತಿ ಉಲ್ಟಾನೇ ಹೊಡ್ಸಿಬಿಟ್ಟಿದ್ದೀನಿ."

"ಬರ್ತೀನಿ ಯಜಮಾನ್ರೇ. ಒರಗೋ ಕೆಲಸ ಮಾತ್ರ ನಿಮ್ಮದೇ."