ಹಿರಿಯರು ಏಳುವವರೆಗೆ

ಸೆಪ್ಟೆಂಬರ್‌ನ ಒಂದು ಬೆಳಗ್ಗೆ ನಾನೂ ಎದುರು ಮನೆಯ ವೇರಾ ಆಂಟಿಯೂ ಮೆಲ್ಬರ್ನ್‌ಗೆ ಹೊರಟೆವು. ಸಿಡ್ನಿಯ ಎಪ್ಪಿಂಗ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರ ಬಾಗಿಲೂ ನಮ್ಮ ಬಾಗಿಲೂ ಎದುರು ಬದುರು. ಆಂಟಿಗೆ ಎಂಬತ್ತರ ಹತ್ತಿರ. ಹುಟ್ಟಿದ್ದು ಚೀನಾದ ಹಾರ್ಬಿನ್‌ನಲ್ಲಿ, ರಷ್ಯಾ ಬಿಟ್ಟು ಬಂದ ಕುಟುಂಬದಲ್ಲಿ, ಬೆಳೆದದ್ದು ಸಿಡ್ನಿಯಲ್ಲಿ. ಮೆಲ್ಬರ್ನ್‌ನಲ್ಲಿದ್ದ ಅವರ ಅಣ್ಣ ಆಂಡ್ರೇಗೆ ಪಾರ್ಶ್ವವಾಯು ಹೊಡೆದಿತ್ತು. ನೋಡುವುದಿದ್ದರೆ ಬೇಗ ಬನ್ನಿ ಎಂದು ಫೋನ್ ಬಂದಿತ್ತು. ವಿಮಾನವೆಂದರೆ ಆಂಟಿಗೆ ಪ್ರಾಣಭಯ, ರೈಲಿನಲ್ಲಿ ಒಬ್ಬರೇ ಹೋಗುವ ಶಕ್ತಿಯಿಲ್ಲ. ಮ್ಯಾಕ್ವೆರಿ ಪಾರ್ಕಿನ ಆಫೀಸಿನಲ್ಲಿ ನನ್ನ ರಜೆಗಳು ಸುಮ್ಮನೆ ಬಿದ್ದಿದ್ದವು. ನಾನು ಬರುತ್ತೇನೆ ಎಂದೆ.

"ಫ್ಲೈಟ್ ಬುಕ್ ಮಾಡಿದ್ರೆ ಒಂದೂವರೆ ಗಂಟೆ. ಟ್ರೈನಲ್ಲಿ ಹನ್ನೊಂದು ಗಂಟೆ ಏನ್ ಮಾಡ್ತೀಯ?" ಎಂದ ನನ್ನ ಗಂಡ.

"ಕೂತ್ಕೋತೀನಿ" ಎಂದೆ.

ಕೂರುವುದು ಮನೆಯಿಂದಲೇ ಶುರುವಾಯಿತು. ಸೂಟ್‌ಕೇಸ್ ಬಾಗಿಲಿಗೆ ಬಂದಿದೆ, ಆಂಟಿ ಕೋಟು ಹಾಕಿಕೊಂಡು ಹೋಗಿ ಸೋಫಾದ ಮೇಲೆ ಕೂತುಬಿಟ್ಟರು. ನನಗೂ ಕೂರಲು ಸನ್ನೆ ಮಾಡಿದರು. ಮೆಟ್ರೋ ತಪ್ಪುತ್ತದೆ ಎಂದರೂ ಕೇಳಲಿಲ್ಲ. ಅವರಲ್ಲಿ ಪ್ರಯಾಣಕ್ಕೆ ಮುಂಚೆ ಮನೆಯವರೆಲ್ಲ ಒಂದು ಗಳಿಗೆ ಮಾತಿಲ್ಲದೆ ಕೂರಬೇಕಂತೆ. ಆಮೇಲೆ ಎಲ್ಲರಿಗಿಂತ ಹಿರಿಯರು ಮೊದಲು ಏಳಬೇಕು, ಅವರು ಎದ್ದ ಮೇಲೆಯೇ ಉಳಿದವರು. ದಾವಣಗೆರೆಯಲ್ಲಿ ನಮ್ಮಮ್ಮ ಹೊರಟವರನ್ನು ಯಾರಾದರೂ "ಎಲ್ಲಿಗೆ" ಎಂದು ಕೇಳಿದರೆ ಮುಖ ಸಿಂಡರಿಸಿ, ಎಲ್ಲರನ್ನೂ ಮತ್ತೆ ಒಳಗೆ ಕರೆದು ನೀರು ಕುಡಿಸಿ ಕಳಿಸುತ್ತಿದ್ದಳು. ಹಾಗಾಗಿ ನನಗೆ ನಗು ಬರಲಿಲ್ಲ. ಆಂಟಿ ಮೊಣಕಾಲು ಹಿಡಿದು ಎದ್ದರು, ನಾನೂ ಎದ್ದೆ.

ಸೆಂಟ್ರಲ್ ಸ್ಟೇಷನ್ನಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಊರು ಕಳೆಯುವ ಹೊತ್ತಿಗೆ ಮಂಜು ಕವಿದುಕೊಂಡಿತು. ಗೌಲ್‌ಬರ್ನ್ ಬಂದದ್ದೂ ಹೋದದ್ದೂ ಬರೀ ಬೋರ್ಡಿನಿಂದ ತಿಳಿಯಿತು. ನನ್ನ ಡಬ್ಬಿಯಲ್ಲಿ ಚಿತ್ರಾನ್ನ, ಟೂಂಗಾಬಿಯ ಇಂಡಿಯನ್ ಅಂಗಡಿಯಿಂದ ತಂದ ಚಕ್ಕುಲಿ. ಆಂಟಿಯದು ಕಪ್ಪು ಬ್ರೆಡ್ಡು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ. ಚಕ್ಕುಲಿಯನ್ನು ಅವರು ಚಹಾದಲ್ಲಿ ಅದ್ದಿ ತಿಂದರು. ನಾನು ಕಂಡೂ ಕಾಣದವಳಂತೆ ಇದ್ದೆ.

ಮಂಜು ಹರಿದಾಗ ಎರಡೂ ಕಡೆ ಹಳದಿ. ಕನೋಲಾ ಹೂವಿನ ಹೊಲಗಳು ಆಕಾಶ ಮುಟ್ಟುವ ತನಕ ಹಬ್ಬಿದ್ದವು, ಎಲ್ಲೂ ಒಂದು ನರಪಿಳ್ಳೆಯಿಲ್ಲ. ಆ ಹಳದಿಯನ್ನು ನೋಡುತ್ತ ಆಂಟಿ ಹಿಮದ ಕಥೆ ಹೇಳಿದರು. ನಾವು ಮಾತಾಡುವುದು ಇಂಗ್ಲಿಷಿನಲ್ಲಿ. ಇಲ್ಲಿ ಬರೆದದ್ದು ನನ್ನ ಮನಸ್ಸಿನಲ್ಲಿ ಅದು ಕನ್ನಡವಾದ ಹಾಗೆ. ಹೈಸ್ಕೂಲಿನಲ್ಲಿ ರಷ್ಯಾದ ಕ್ರಾಂತಿಗೆ ಐದು ಕಾರಣಗಳನ್ನು ಉರು ಹೊಡೆದಿದ್ದ ನನಗೆ ಅದರಲ್ಲಿ ಒಂದೂ ನೆನಪಿರಲಿಲ್ಲ.

ಮೊದಲ ಮಹಾಯುದ್ಧದ ಮೂರನೇ ಚಳಿಗಾಲ. ರೈಲುಗಳೆಲ್ಲ ರಣರಂಗಕ್ಕೆ ಓಡುತ್ತಿದ್ದವು, ರಾಜಧಾನಿ ಪೆಟ್ರೋಗ್ರಾಡ್‌ಗೆ ಹಿಟ್ಟು ಬರುತ್ತಿರಲಿಲ್ಲ. ಲಕ್ಷಗಟ್ಟಲೆ ಸಿಪಾಯಿಗಳು ಸತ್ತಿದ್ದರು. ಝಾರ್ ದೊರೆ ತಾನೇ ಸೇನಾಪತಿಯಾಗಿ ದೂರದ ಶಿಬಿರದಲ್ಲಿ ಕೂತಿದ್ದ, ಹಾಗಾಗಿ ಸೋಲೆಲ್ಲ ಅವನ ತಲೆಗೇ ಬಂತು. ಬ್ರೆಡ್ಡಿಗೆ ಹಿಮದಲ್ಲಿ ಕ್ಯೂ ನಿಂತು ಬೇಸತ್ತ ಹೆಂಗಸರು ಒಂದು ದಿನ ಬೀದಿಗಿಳಿದರು. ಗಿರಣಿಯ ಹೆಂಗಸರು ಸೇರಿಕೊಂಡರು, ಹಿಂದೆಯೇ ಗಂಡಸರು. ಗಲಾಟೆ ಅಡಗಿಸಿ ಎಂದು ದೊರೆ ಅಲ್ಲಿಂದಲೇ ತಂತಿ ಕಳಿಸಿದ. ಸಿಪಾಯಿಗಳಿಗೆ ಗುಂಡು ಹಾರಿಸಲು ಹುಕುಂ ಆಯಿತು. ಆ ಸಿಪಾಯಿಗಳಲ್ಲಿ ಆಂಟಿಯ ಅಜ್ಜನೂ ಒಬ್ಬ.

"ಅಜ್ಜ ಹಾರಿಸಿದ" ಎಂದರು ಆಂಟಿ. "ಸಾಯೋ ಮುಂಚೆ ನನ್ನ ಕೈ ಹಿಡಿದು ಹೇಳಿದ. ಅವತ್ತು ಭಾನುವಾರ ಅಂತೆ. ಬ್ರೆಡ್ ಚೀಲ ಹಿಡಿದಿದ್ದ ಹೆಂಗಸು ಬಿದ್ದಳಂತೆ. ಮಣ್ಣು ಮಾಡಿ ಬಂದ ದಿನ ಅಣ್ಣನಿಗೆ ಹೇಳಿದೆ. ಅದಕ್ಕೆ ಅವನು, ನೀನು ಸುಳ್ಳು ಹೇಳ್ತಿದ್ದೀಯ, ಅಜ್ಜ ಗುಂಡು ಹಾರಿಸೋದಿಲ್ಲ ಅಂತ ನಿಂತವನು ಅಂದ."

"ಆಮೇಲೆ?"

"ಅವನು ಮೆಲ್ಬರ್ನ್‌ಗೆ ಹೊರಟ. ನಾನು ಅವನನ್ನ ಕೂರಿಸದೆ ಕಳಿಸಿದೆ. ಐವತ್ತು ವರ್ಷ ಆಗ್ತಾ ಬಂತು ಶೈಲಾ. ಅವನು ಹೋಗೋ ಮುಂಚೆ ಒಂದು ಸಲ ಅವನ ಪಕ್ಕ ಕೂರಬೇಕು."

ಜೂನಿ ಸ್ಟೇಷನ್ ದಾಟಿದ ಮೇಲೆ ಗೂಡ್ಸ್ ರೈಲಿಗೆ ದಾರಿ ಬಿಟ್ಟು ನಮ್ಮ ರೈಲು ಬಯಲಿನಲ್ಲಿ ನಿಂತಿತು. ಝಾರ್ ದೊರೆಯ ರೈಲೂ ಹೀಗೇ ನಿಂತಿತ್ತಂತೆ. ಹೆಂಡತಿ ಮಕ್ಕಳ ಹತ್ತಿರ ಹೊರಟವನಿಗೆ ಮುಂದಿನ ಹಳಿ ದಂಗೆಕೋರರ ಕೈಯಲ್ಲಿದೆ ಎಂದು ಗೊತ್ತಾಯಿತು. ರೈಲನ್ನು ತಿರುಗಿಸಿ ಬೇರೆ ಊರಿಗೆ ಒಯ್ದರು. ಇನ್ನು ನೀವು ಬಿಟ್ಟುಕೊಡುವುದೇ ಒಳ್ಳೆಯದು ಎಂದು ಅವನ ದಂಡನಾಯಕರೇ ಹೇಳಿದರು. ಮುನ್ನೂರು ವರ್ಷದ ಸಿಂಹಾಸನವನ್ನು ಅವನು ರೈಲಿನ ಬೋಗಿಯಲ್ಲಿ ಕೂತು ಬಿಟ್ಟುಕೊಟ್ಟ. ನನಗೆ ಜೋಂಪು ಹತ್ತಿತ್ತು. ಕಣ್ಣು ಬಿಟ್ಟಾಗ ನಾಲ್ಕು ಸೀಟು ಆಚೆ ಗಡ್ಡದವನೊಬ್ಬ ಕಿಟಕಿಗೆ ಹಣೆ ಆನಿಸಿಕೊಂಡು ಹೊರಗೆ ನೋಡುತ್ತಿದ್ದ. ಒಂದು ಕ್ಷಣ ಆ ದೊರೆಯೇ ಎನಿಸಿ ಅವನ ಮೇಲೆ ಕನಿಕರ ಉಕ್ಕಿತು. ಆಲ್ಬರಿಯಲ್ಲಿ ಅವನು ಬೆನ್ನಿಗೆ ಚೀಲ ಏರಿಸಿ ಇಳಿದುಹೋದ.

ಮೆಲ್ಬರ್ನ್‌ನಲ್ಲಿ ತುಂತುರು, ಮೂಳೆ ಕೊರೆಯುವ ಗಾಳಿ. ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಉಳಿದು, ಮರುದಿನ ಟ್ರಾಮ್ ಹಿಡಿದು ವೃದ್ಧರ ಆರೈಕೆ ಮನೆಗೆ ಹೋದೆವು. ಆಂಡ್ರೇ ದಿಂಬಿಗೆ ಒರಗಿದ್ದರು. ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತು ತೊದಲು. ಆಂಟಿ ಕೋಟನ್ನೂ ಬಿಚ್ಚದೆ ಮಂಚದ ಬುಡದಲ್ಲಿ ನಿಂತರು. ಇಬ್ಬರೂ ರಷ್ಯನ್‌ನಲ್ಲಿ ಮಾತಾಡಿದರು. ಆಂಟಿ ನಡುನಡುವೆ ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

"ಭಾನುವಾರದ್ದು ನನಗೂ ಗೊತ್ತಿತ್ತು" ಎಂದರು ಆಂಡ್ರೇ. "ನಾನು ಮೊದಲ ಸಲ ಮನೆ ಬಿಡೋವಾಗ ಅಜ್ಜ ಎರಡು ದಿನದ್ದನ್ನೂ ಹೇಳಿದ್ದ. ಭಾನುವಾರ ಹಾರಿಸಿದರು. ಆ ರಾತ್ರಿ ಬ್ಯಾರಕ್ಕಿನಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಸೋಮವಾರ ಬೆಳಗ್ಗೆ ಇನ್ನು ನಮ್ಮ ಕೈಲಾಗಲ್ಲ ಅಂದರು. ಅದನ್ನ ಕೇಳಿ ಪಕ್ಕದ ಬ್ಯಾರಕ್ಕಿನವರೂ ಅಂದರು."

ದೊರೆತನ ಮುರಿದದ್ದು ಹೀಗೆ. ನನ್ನ ಐದು ಕಾರಣಗಳಲ್ಲಿ ಆ ನಿದ್ದೆಯಿಲ್ಲದ ರಾತ್ರಿ ಇರಲಿಲ್ಲ.

"ಮತ್ತೆ ನಾನು ಸುಳ್ಳು ಹೇಳ್ತಿದ್ದೀನಿ ಅಂದಿದ್ಯಾಕೆ?" ಎಂದರು ಆಂಟಿ.

"ನೀನು ಅಜ್ಜನ ಮುದ್ದಿನವಳು. ಆ ಹೆಂಗಸು ನಿನ್ನ ತಲೇಲಿ ಉಳಿಯೋದು ಬೇಡ ಅಂತ ಅಂದುಬಿಟ್ಟೆ. ಅಂದ ಮೇಲೆ ವಾಪಸ್ ತಗೊಳ್ಳೋಕೆ ಬರಲಿಲ್ಲ."

ನಾನು ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಂಡೆ. ಐವತ್ತು ವರ್ಷ ಇಬ್ಬರೂ ಒಂದೇ ಅಜ್ಜನ ಒಂದೊಂದು ದಿನವನ್ನು ಹಿಡಿದುಕೊಂಡು ಕೂತಿದ್ದರಲ್ಲ ಎಂದು ಸಂಕಟವಾಯಿತು.

ಮಧ್ಯಾಹ್ನ ನರ್ಸ್ ಬಂದು, ಅವರು ಸ್ವಲ್ಪ ಮಲಗಲಿ ಎಂದಳು. ಆಗ ಆಂಡ್ರೇ ಎಡಗೈಯಿಂದ ಹಾಸಿಗೆಯ ಅಂಚನ್ನು ತಟ್ಟಿದರು. ಆಂಟಿ ಅಲ್ಲಿ ಕೂತರು, ನಾನು ಕುರ್ಚಿಯಲ್ಲಿ. ಯಾರೂ ಮಾತಾಡಲಿಲ್ಲ. ಹೊರಗೆ ಟ್ರಾಮಿನ ಗಂಟೆ ಕೇಳಿಸಿತು, ಗಾಜಿನ ಮೇಲೆ ಮಳೆ ಇಳಿಯುತ್ತಿತ್ತು. ಗಳಿಗೆ ಕಳೆಯಿತು, ಇನ್ನೊಂದು ಕಳೆಯಿತು. ನಾನು ಆಂಟಿಯ ಮುಖ ನೋಡಿದೆ.

"ದೊಡ್ಡೋನು ಇನ್ನೂ ಎದ್ದಿಲ್ಲ" ಎಂದರು ಅವರು ಮೆಲ್ಲಗೆ. "ನೀನು ಹೋಗು. ನಾನು ಏಳೋ ಹಾಗಿಲ್ಲ."

ಆಂಡ್ರೇ ನಕ್ಕರು, ಅರ್ಧ ಮುಖದಲ್ಲಿ. ನಾನು ಹೋಗಿ ಬರ್ತೀನಿ ಎಂದು ಕನ್ನಡದಲ್ಲೇ ಹೇಳಿ ಹೊರಬಂದೆ. ಬಾಗಿಲು ದಾಟಿ ಗಾಜಿನಿಂದ ತಿರುಗಿ ನೋಡಿದಾಗ, ಆಂಟಿ ಕೋಟು ಬಿಚ್ಚಿ ಮಂಚದ ಕಂಬಿಗೆ ಹಾಕುತ್ತಿದ್ದರು, ಕೂತಲ್ಲಿಂದ ಏಳದೆ.